ಅಬ್ಬಾನ ಸೆಟ್ ಕೆಟ್ಟಿರಲಿಲ್ಲ

ಭತ್ತ ಬೇಯುವ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದಂತೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಪರೀಕ್ಷೆ ಕೆಲಸದ ಮೇಲೆ ಮಾನ್ವಿಗೆ ಹೋಗಿದ್ದೆ. ನೀರಮಾನ್ವಿ ದಾಟಿ ಬಸ್ಸು ರೈಸ್ ಮಿಲ್ಲುಗಳ ಹತ್ತಿರ ಬಂದದ್ದೇ ತಡ, ಕಿಟಕಿಯಿಂದ ಆ ಬಿಸಿ ವಾಸನೆ ಒಳಗೆ ನುಗ್ಗಿತು. ಹಬೆ, ಒದ್ದೆ ಹೊಟ್ಟು, ಸ್ವಲ್ಪ ಹುಳಿ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದು, "ಯಾಕ್ರೀ ಟೀಚರ್, ವಾಸನಿ ಆಗವಲ್ದೇನು? ಮಾರಿ ಗಂಟು ಹಾಕ್ಕೊಂಡೀರಲ್ಲ" ಅಂದಳು. ಏನು ಹೇಳಲಿ ಆ ತಾಯಿಗೆ? ನನ್ನ ಸಿಟ್ಟು ವಾಸನೆಯ ಮೇಲಲ್ಲ. ಆ ವಾಸನೆಯಲ್ಲಿ ಒಂದು ಬೇಸಿಗೆ ಪೂರ್ತಿ ನಮ್ಮ ಜೊತೆ ಕೂತು ಉಂಡು, ಆಮೇಲೆ ನಮ್ಮ ಕತ್ತು ಕೊಯ್ದವನ ಮೇಲೆ.

ಈಗ ನಾನು ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳು ಪಿಸುಗುಟ್ಟಿದರೂ ಡಸ್ಟರ್ ಬಡಿಯುವ ಶಮೀಮ್ ಟೀಚರ್ ಅಂದರೆ ನಾನೇ. ಆದರೆ ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಆ ಬೇಸಿಗೆಯಲ್ಲಿ, ಮಾನ್ವಿಯ ಒಂದು ಮಿಲ್ಲಿನೊಳಗೆ ನಾವು ಮೂವರು ಸೇರಿ ರಾಕ್ ಆಲ್ಬಮ್ ಒಂದನ್ನು ಮಾಡಿದೆವು. ಹೆಸರು 'ತೌಡು'. ಆಗ ಕೇಳಿದವರು ಗದ್ದಲ ಅಂದರು, ಕಿವಿ ಮುಚ್ಚಿಕೊಂಡರು. ಈಗ ಅದೇ ಗದ್ದಲವನ್ನು ಹುಡುಗ ಹುಡುಗಿಯರು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೇಳುತ್ತಾರೆ. ಕಾಲಕ್ಕಿಂತ ಮುಂಚೆ ಬಂದದ್ದು ಅನ್ನುತ್ತಾರೆ. ಮುಂಚೆಯೂ ಇಲ್ಲ, ಮಣ್ಣೂ ಇಲ್ಲ. ಅದು ಸರಿಯಾಗಿ ಅದೇ ಬೇಸಿಗೆಯದು, ಅದೇ ಮಿಲ್ಲಿನದು. ಕೇಳುವವರು ತಡವಾಗಿ ಬಂದರು, ಅಷ್ಟೇ.

ಮೊದಲು ಅಬ್ಬಾನ ವಿಷಯ ಹೇಳಬೇಕು, ಇಲ್ಲದಿದ್ದರೆ ಏನೂ ತಿಳಿಯುವುದಿಲ್ಲ. ಅಬ್ಬಾ ಅಂದರೆ ನಮ್ಮಪ್ಪ. ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿ ಅವರ ಮೈಕ್ ಸೆಟ್ ಅಂಗಡಿ ಇತ್ತು. ಮದುವೆ, ಉರುಸು, ಪುರಾಣ, ಚುನಾವಣೆ ಭಾಷಣ, ಕಳೆದುಹೋದ ಎಮ್ಮೆ, ತೀರಿಹೋದ ಮುದುಕರ ಸುದ್ದಿ, ಎಲ್ಲಕ್ಕೂ ಅಬ್ಬಾನ ಹಾರನ್ ಸ್ಪೀಕರುಗಳೇ ಬೇಕು. ರಾಯಚೂರಷ್ಟೇ ಅಲ್ಲ, ದೇವದುರ್ಗ, ಮಾನ್ವಿ ಕಡೆಯಿಂದಲೂ ಕರೆ ಬರುತ್ತಿತ್ತು. ಈ ದಂಧೆಯಲ್ಲಿ ಇರುವುದು ಒಂದೇ ಮರ್ಯಾದೆ: ಮೈಕ್ ಸೀಟಿ ಹೊಡೆಯಬಾರದು. ಮೈಕು ಹಾರನ್ನಿನ ಮುಖಕ್ಕೆ ಬಂದರೆ ಕುಂಯ್ ಎಂದು ಕಿವಿ ಹರಿಯುವ ಹಾಗೆ ಕೂಗುತ್ತದಲ್ಲ, ಅದೇ ಸೀಟಿ. ಅದು ಬಂತೋ, ಸಭೆಗೆ ಸಭೆಯೇ ತಿರುಗಿ ಮೈಕಿನವನ ಮುಖ ನೋಡುತ್ತದೆ. ಅಬ್ಬಾ ಮದುವೆ ಊಟಕ್ಕೆ ಕೂತಾಗ ಎಲ್ಲಾದರೂ ಸಣ್ಣಗೆ ಕೂಗು ಕೇಳಿದರೆ, ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. "ಸೀಟಿ ಹೊಡೆಯದ ಸೆಟ್ ಬೇಕಾ, ಅವರ ಹತ್ರ ಹೋಗ್ರಿ" ಎಂದು ಶಾಮಿಯಾನದವರು ಹೇಳುತ್ತಿದ್ದರು. ಅಬ್ಬಾ ಜೀವನದಲ್ಲಿ ಗಳಿಸಿದ್ದು ಆ ಮಾತೊಂದೇ.

ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಹಾಗಾಗಿ ವೈರು ಸುತ್ತುವುದು, ಹಾರನ್ ಒರೆಸುವುದು, ಆಂಪ್ಲಿಫೈಯರ್ ಮುಂದೆ ಕೂತು ಸೌಂಡ್ ಏರಿಸಿ ಇಳಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಹೆಂಗಸರ ಕಾರ್ಯಕ್ರಮವಿದ್ದರೆ ಸೆಟ್ ಹತ್ತಿರ ನಾನೇ ಇರುತ್ತಿದ್ದೆ. ಓಣಿಯ ಜನ ಏನೋ ಅಂದರೆ ಅಬ್ಬಾ, "ನನ್ನ ಮಗಳ ಕೈ ನನ್ನ ಕೈಗಿಂತ ಮೆತ್ತಗದ" ಎನ್ನುತ್ತಿದ್ದರು.

ವಿನೋದ ನನ್ನ ಕಾಲೇಜಿನ ಗೆಳೆಯ. ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ಬೆಳೆದವನು, ಅವರಪ್ಪ ಪವರ್ ಸ್ಟೇಷನ್ನಿನಲ್ಲಿ ಇಂಜಿನಿಯರು. ಹೈದರಾಬಾದಿನಿಂದ ಯಾರದೋ ಹಳೆಯ ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಒಳ್ಳೆಯ ಕೈ, ಅದನ್ನು ಸುಳ್ಳು ಹೇಳಬಾರದು. ನಮ್ಮ ಮನೆಗೆ ಬಂದರೆ ಒಗ್ಗರಣಿ ಮಿರ್ಚಿ ತಿಂದು, ಚಹಾ ಕುಡಿದು, ಅಬ್ಬಾನ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಹರವಿಕೊಂಡು ಕೂರುತ್ತಿದ್ದ. "ಚಾಚಾ, ಚಾಚಾ" ಎಂದು ಬಾಯಿ ತುಂಬ ಕರೆಯುತ್ತಿದ್ದ. ಇಂಜಿನಿಯರ ಮಗ ತಮ್ಮ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಾನೆಂದು ಅಬ್ಬಾಗೆ ಒಳಗೊಳಗೇ ಹೆಮ್ಮೆ.

ಮೂರನೆಯವನು ಅಮರೇಶ. ಮಾನ್ವಿಯವನು, ಮಿಲ್ಲಿನ ಮೋಟರುಗಳನ್ನು ನೋಡಿಕೊಳ್ಳುತ್ತಿದ್ದ, ಮೊಹರಂ ಬಂದರೆ ಹಲಿಗೆ ಹಿಡಿಯುತ್ತಿದ್ದ. ಅಲಾಯಿ ಕುಣಿಯ ಬೆಂಕಿಯ ಸುತ್ತ ಅವನು ಹಲಿಗೆ ಬಾರಿಸಿದರೆ ಕಾಲು ಮುರಿದವನೂ ಎದ್ದು ಕುಣಿಯಬೇಕು. ಅವನಿಗೆ ವಿನೋದ ಮೊಬೈಲಿನಲ್ಲಿ ರಾಕ್ ಸಂಗೀತ ಕೇಳಿಸಿದ. ಅಮರೇಶ ಪೂರ್ತಿ ಕೇಳಿ, "ಇದೇನು ದೊಡ್ಡದಲೇ, ನಮ್ಮ ಮಿಲ್ಲು ದಿನಾ ಇದನ್ನೇ ಹಾಡ್ತದ" ಅಂದ. ಆಲ್ಬಮ್ ಹುಟ್ಟಿದ್ದು ಆ ಮಾತಿನಿಂದ.

ಮಿಲ್ಲಿನ ಸಾಹುಕಾರರು ಶಿವಪೂಜೆ ಮುಗಿಸದೆ ನೀರೂ ಮುಟ್ಟದವರು. ಅಮರೇಶ ಹೋಗಿ ಕೇಳಿದ. "ಭತ್ತಕ್ಕ ತ್ರಾಸಾಗಬಾರದು, ಮಶೀನಿಗೆ ಕೈ ಹಚ್ಚಬಾರದು, ಅಷ್ಟು ಬಿಟ್ರ ಏನರ ಹಾಡ್ಕೊಳ್ರಿ" ಅಂದರು. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಸಣ್ಣ ಆಂಪ್ಲಿಫೈಯರ್, ಒಂದು ಜೋಡಿ ಹಾರನ್ ತೆಗೆದುಕೊಂಡು ನಾನು ಮಾನ್ವಿ ಬಸ್ಸು ಹತ್ತಿದೆ. ಅಬ್ಬಾ ಕೇಳಿದ್ದು ಇಷ್ಟೇ: "ಏನು ಮಾಡ್ತೀರಿ ಅಲ್ಲಿ?" ಹಾಡು ಅಂದೆ. "ಮಿಲ್ಲಿನಾಗ ಯಾರು ಹಾಡು ಕೇಳ್ತಾರ ಬೇಟಿ? ತೌಡು ಕುಟ್ಟಾಕ ಹೊಂಟೀರಿ" ಎಂದು ನಕ್ಕರು. ಆ ಹೆಸರನ್ನೇ ಇಟ್ಟೆವು.

ಆ ಬಿಸಿಲು! ರಾಯಚೂರು ಸೀಮೆಯ ಬಿಸಿಲನ್ನು ಹೊರಗಿನವರಿಗೆ ಹೇಳಿ ಉಪಯೋಗವಿಲ್ಲ. ಮಿಲ್ಲಿನೊಳಗೆ ಮೇಲೆ ತಗಡು, ಪಕ್ಕದಲ್ಲಿ ಬಾಯ್ಲರು, ಗಾಳಿಯಲ್ಲಿ ಹೊಟ್ಟಿನ ಧೂಳು. ಹಾಡಲು ಬಾಯಿ ತೆರೆದರೆ ಧೂಳೇ ಒಳಗೆ ಹೋಗುತ್ತಿತ್ತು. ವಿನೋದನ ಬೆವರಿಗೆ ಗಿಟಾರಿನ ತಂತಿ ಜಾರುತ್ತಿತ್ತು. ನಾವು ರಂಜಾನ್ ಉಪವಾಸದವರು ಹೇಗೋ ತಡೆದುಕೊಳ್ಳುತ್ತೇವೆ, ಕ್ವಾರ್ಟರ್ಸಿನ ಹುಡುಗ ಒದ್ದೆ ಟವೆಲು ತಲೆಗೆ ಸುತ್ತಿಕೊಂಡು, "ಸತ್ತೆನಲೇ ಯಪ್ಪಾ" ಎನ್ನುತ್ತಲೇ ಬಾರಿಸುತ್ತಿದ್ದ. ಅವನೂ ದುಡಿದ. ದುಡಿದಿಲ್ಲ ಎಂದು ನಾನು ಹೇಳುವುದಿಲ್ಲ.

ಮೊದಲ ದಿನವೇ ಸೀಟಿ ಬಂತು. ಗಿಟಾರಿಗೆ ಬೇರೆ ಸ್ಪೀಕರ್ ಇರಲಿಲ್ಲವಾದ್ದರಿಂದ ಅದನ್ನೂ ನನ್ನ ಸೆಟ್ಟಿಗೇ ಸೇರಿಸಿದ್ದೆವು. ನಾನು ಮೈಕ್ ಹಿಡಿದು ಹಾರನ್ನಿನ ಕಡೆ ತಿರುಗಿದೆ, ಅದು ಕೂಗಿತು. ವಿನೋದ ಕಿವಿ ಮುಚ್ಚಿಕೊಂಡು, "ಬಂದ್ ಮಾಡ್, ಬಂದ್ ಮಾಡ್!" ಎಂದು ಒದರಿದ. ನನ್ನ ಕೈ ರೂಢಿಯಂತೆ ಸೌಂಡ್ ಇಳಿಸಲು ಓಡಿತು. ಆದರೆ ಅಮರೇಶ ಹಲಿಗೆ ನಿಲ್ಲಿಸಲಿಲ್ಲ. ಹಿಂದೆ ಮಿಲ್ಲಿನ ಮೋಟರಿನ ಪಟ್ಟಾ, ಆ ಅಗಲ ಬೆಲ್ಟು, ಓಡುತ್ತಿತ್ತು. ಆ ಎರಡರ ಮೇಲೆ ಸೀಟಿ ಕೂತ ರೀತಿ ಕೇಳಿ ನನಗೆ ಸೌಂಡ್ ಇಳಿಸಲು ಮನಸ್ಸಾಗಲಿಲ್ಲ. ಮೈಕನ್ನು ಹಾರನ್ನಿಗೆ ಒಂದಿಷ್ಟು ಹತ್ತಿರ ಒಯ್ದರೆ ಅದು ಏರುತ್ತಿತ್ತು, ಅಂಗೈ ಅಡ್ಡ ಹಿಡಿದರೆ ಇಳಿಯುತ್ತಿತ್ತು. ನಾನು ಒಂದು ಸ್ವರ ಹಿಡಿದರೆ ಅದೂ ಹಿಡಿಯುತ್ತಿತ್ತು. ಚಿಕ್ಕಂದಿನಿಂದ ಸೀಟಿ ಬಾರದಂತೆ ತಡೆಯುವುದನ್ನೇ ಕಲಿತ ಕೈ ಅದು. ಎಲ್ಲಿ ಬರುತ್ತದೆ ಎಂದು ಗೊತ್ತಿದ್ದವಳಿಗೆ ತರಿಸುವುದು ಯಾವ ದೊಡ್ಡ ಮಾತು? ನಿಲ್ಲಿಸಿದಾಗ ಮಿಲ್ಲಿನ ಹೆಣ್ಣಾಳುಗಳು ಮೊರ ಕೆಳಗಿಟ್ಟು ನಿಂತುಬಿಟ್ಟಿದ್ದರು. ಅವರಲ್ಲೊಬ್ಬಳು, "ಯವ್ವಾ, ಎದ್ಯಾಗಿಂದು ಹೊರಗ ಬಂದಂಗಾತು" ಅಂದಳು. ಆಮೇಲೆ ವಿನೋದನೂ ಹುಚ್ಚನ ಹಾಗೆ ಕುಣಿದ.

ಆ ಆಲ್ಬಮ್ಮನ್ನು ನಾನು ಈಗಲೂ ಕೇಳುತ್ತೇನೆ. ಮೊದಲ ಹಾಡಿನಲ್ಲಿ ಮಿಲ್ಲು ಶುರುವಾಗುತ್ತದೆ. ಪಟ್ಟಾ ನಿಧಾನಕ್ಕೆ ತಿರುಗಿ ವೇಗ ಹಿಡಿಯುವವರೆಗೂ ಗಿಟಾರ್ ಕಾಯುತ್ತದೆ. ಅಷ್ಟು ಹೊತ್ತು ಏನೂ ಆಗುವುದಿಲ್ಲ, ಕೇಳುವವರಿಗೆ ಬೇಸರ ಬರಬೇಕು, ಬರಲಿ. ಆಮೇಲೆ ಗಿಟಾರ್ ಅದೇ ಸ್ವರದಲ್ಲಿ ಒಳಗೆ ಬಂದಾಗ ಯಾವುದು ಯಂತ್ರ, ಯಾವುದು ತಂತಿ ತಿಳಿಯುವುದಿಲ್ಲ. ಎರಡನೆಯದರಲ್ಲಿ ನಾನು ಒಂದೇ ಮಾತು ಕೂಗುತ್ತೇನೆ: "ನೀರ್ ಬಂತು ಬರ್ರೆವ್ವಾ!" ನಮ್ಮ ಓಣಿಯಲ್ಲಿ ನಲ್ಲಿ ಬಂದಾಗ ಕೂಗುವ ಹಾಗೆಯೇ. ಹಲಿಗೆ ಓಡುತ್ತದೆ, ಕೊಡ ಉರುಳುತ್ತವೆ, ಕೂಗು ಅಳುವಾಗುತ್ತದೆ, ಅಳು ಬೈಗುಳವಾಗುತ್ತದೆ. ಒಂದು ಕಡೆ ಎಲ್ಲ ನಿಂತು ಸಾಹುಕಾರರ ಪೂಜೆಯ ಗಂಟೆ ಕೇಳುತ್ತದೆ. ರೆಕಾರ್ಡಿಗೆಂದು ಇಟ್ಟಿದ್ದ ವಿನೋದನ ಮೊಬೈಲಿನಲ್ಲಿ ಅದು ತಾನಾಗಿಯೇ ಬಂದದ್ದು. ಸಾಹುಕಾರರಿಗೆ ಹೇಳಿದರೆ ಕೈ ಮುಗಿದು, "ನಮ್ಮ ಗಂಟಿನೂ ಬಂದದ? ಹಂಗಾರ ಛಲೋ ಹಾಡೇ ಇರಬೇಕು" ಅಂದರು.

ಕೊನೆಯದು ಸೀಟಿಯ ಹಾಡು, ಹೆಸರು 'ಹಗಲು'. ಅದರಲ್ಲಿ ಮಾತಿಲ್ಲ. ನಾನು, ಹಾರನ್ನು, ಕೆಳಗೆ ಗಿಟಾರು ಅರ ತಿಕ್ಕಿದ ಹಾಗೆ. ಕಲ್ಲು ಬಂಡೆಯ ಮೇಲೆ ಬರಿಗಾಲಲ್ಲಿ ನಿಂತವರಿಗೆ ಗೊತ್ತಾಗುವ ಹಾಡು ಅದು. ಮೊದಲು ಕಿವಿ ಬೇಡ ಅನ್ನುತ್ತದೆ, ಸ್ವಲ್ಪ ತಡೆದುಕೊಂಡರೆ ಅದರೊಳಗೆ ಒಂದು ನೆರಳು ಸಿಗುತ್ತದೆ. ಅದಕ್ಕಿಂತ ಚಂದದ ಕೆಲಸವನ್ನು ನಾನು ಮಾಡಿಲ್ಲ, ಇನ್ನು ಮಾಡುವುದೂ ಇಲ್ಲ.

ಅಬ್ಬಾಗೆ ಕೇಳಿಸಿದೆ. ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕೇಳಿ, ಮುಖ ಸಣ್ಣದು ಮಾಡಿ, "ಎಲ್ಲಾ ಛಲೋ ಅದ, ಸೀಟಿ ಬಂದು ಕೆಡಿಸಿಬಿಟ್ಟದ ಬೇಟಿ" ಅಂದರು. ನಾವು ಬೇಕಂತಲೇ ಹೊಡೆಸಿದ್ದು ಅಂದೆ. ಅಬ್ಬಾ ನಕ್ಕುಬಿಟ್ಟರು. "ಬೇಕಂತ ಯಾರರ ಸೀಟಿ ಹೊಡಸ್ತಾರೇನು? ಬೇಕಂತ ಯಾರರ ಅನ್ನದಾಗ ಹಳ್ಳು ಕಲ್ಲು ಹಾಕ್ತಾರೇನು?" ಮನೆಯಲ್ಲಿ ನಾವು ಮಾತಾಡುವುದು ದಖನಿ, ಆದರೆ ದಖನಿಯಲ್ಲಾಗಲಿ ಕನ್ನಡದಲ್ಲಾಗಲಿ ಆ ಮಾತನ್ನು ಅಬ್ಬಾಗೆ ತಿಳಿಸುವ ದಾರಿ ನನಗೆ ಸಿಗಲಿಲ್ಲ.

ಮಳೆ ಶುರುವಾದ ಮೇಲೆ ದೇವದುರ್ಗದಿಂದ ಕರೆ ಬಂತು. ಅಲ್ಲಿಯ ಒಂದು ಕಾಲೇಜಿನಲ್ಲಿ ವಿನೋದನ ಸೋದರಮಾವ ಉಪನ್ಯಾಸಕರು. ಅವರೇ ಸ್ನೇಹ ಸಮ್ಮೇಳನದಲ್ಲಿ ನಮ್ಮ ಹಾಡು ಇಟ್ಟಿದ್ದರು. ಮೈಕ್ ಸೆಟ್ ಕೂಡ ನಮ್ಮದೇ. ಅಬ್ಬಾ ಒಳ್ಳೆಯ ಸೆಟ್ಟನ್ನೇ ಹೇರಿಸಿಕೊಂಡು ಬಂದರು, ಹಾರನ್ನುಗಳನ್ನು ತಾವೇ ಕಟ್ಟಿದರು, ಎಲ್ಲ ಪರೀಕ್ಷೆ ಮಾಡಿದರು. ಭಾಷಣಗಳೆಲ್ಲ ಒಂದು ಕೂಗಿಲ್ಲದೆ ಮುಗಿದವು. ನಮ್ಮ ಸರದಿ ಬಂದಾಗ ನಾನು, "ಅಬ್ಬಾ, ಈಗ ಸೀಟಿ ಬರ್ತದ, ನಾನೇ ತರಸ್ತೀನಿ, ನೀವು ಬರಬ್ಯಾಡ್ರಿ" ಅಂದೆ. "ಹೌ ಹೌ" ಎಂದು ನಗುತ್ತ ಚಹಾ ಕುಡಿಯಲು ಹೋದರು. ತಮಾಷೆ ಅಂದುಕೊಂಡಿರಬೇಕು.

ವೇದಿಕೆಯ ಮುಂದೆ ವಿನೋದ, ಅಮರೇಶ. ನಾನು ಪರದೆಯ ಹಿಂದೆ, ಸಣ್ಣ ಮೈಕು ಹಿಡಿದು, ಆಂಪ್ಲಿಫೈಯರ್ ಪಕ್ಕ ಇಟ್ಟುಕೊಂಡ ಒಂದು ಹಾರನ್ ಹತ್ತಿರ. 'ಹಗಲು' ಶುರುವಾಯಿತು. ಸೀಟಿ ಎದ್ದಿತು. ಮುಂದಿನ ಸಾಲಿನ ಗಣ್ಯರು ಕಿವಿಗೆ ಕೈ ಇಟ್ಟರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಎದ್ದರು. "ಲೇ, ಮೈಕ್ ಕೆಟ್ಟದಲೇ!" "ಮೈಕ್‌ನವ ಎಲ್ಲಿ ಸತ್ತಾನ?" ಯಾರೋ ಹಿರಿಯರು ಪಾಪ, ಸಹಾಯ ಮಾಡಲು ಹೋಗಿ ಕಂಬ ಹತ್ತಿ ಹಾರನ್ ತಿರುಗಿಸತೊಡಗಿದರು. ಅಮರೇಶ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ. ನನಗೆ ಗೊತ್ತಿತ್ತು, ಇನ್ನೊಂದು ಸ್ವಲ್ಪ ತಡೆದರೆ ಆ ನೆರಳಿನ ಜಾಗಕ್ಕೆ ಬರುತ್ತೇವೆ, ಜನ ಕೇಳುತ್ತಾರೆ. ಕೇಳುತ್ತಿದ್ದರೋ ಇಲ್ಲವೋ, ಅದು ಬೇರೆ. ಅಲ್ಲಿಯವರೆಗೆ ಹೋಗಲಿಲ್ಲವಲ್ಲ.

ವಿನೋದ ಮಾವನ ಮುಖ ನೋಡಿದ. ಗಿಟಾರ್ ನಿಲ್ಲಿಸಿ, ಮುಂದಿನ ಮೈಕಿಗೆ ಬಾಯಿ ಇಟ್ಟು ಹೇಳಿದ: "ಎಲ್ಲಾರೂ ಕ್ಷಮಿಸಬೇಕು. ಮೈಕ್ ಸೆಟ್ ಕೈ ಕೊಟ್ಟದ. ಭಾಳ ಹಳೇ ಸೆಟ್ ಅದ. ನಮ್ಮ ತಪ್ಪಿಲ್ಲ."

ಆ ಮಾತು ಅಬ್ಬಾನ ಹಾರನ್ನುಗಳಲ್ಲೇ, ಒಂದು ಅಕ್ಷರವೂ ಒಡೆಯದೆ, ದೇವದುರ್ಗದ ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಗಿಟಾರ್ ನಿಂತದ್ದೇ ನನ್ನ ಮೈಕನ್ನು ಬಂದ್ ಮಾಡಿದ್ದ ನಾನು ಹಿಂದಿನಿಂದ, "ಸುಳ್ಳು! ಸೆಟ್ ಸರಿ ಅದ! ಅದು ಹಾಡು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅಷ್ಟರಲ್ಲಿ ಅಬ್ಬಾ ಮಂದಿಯನ್ನು ಸರಿಸುತ್ತ ಓಡಿ ಬಂದಿದ್ದರು. ವೇದಿಕೆ ಹತ್ತಿ, ಸಭೆಗೆ ಎರಡೂ ಕೈ ಮುಗಿದು, ತಲೆ ತಗ್ಗಿಸಿ, ಒಂದೊಂದೇ ವೈರು ಕಿತ್ತರು. ಪಡ್ಡೆ ಹುಡುಗರು ಸಿಳ್ಳೆ ಹೊಡೆದರು. ವಿನೋದ ಅಲ್ಲೇ ಕೂತು, ಮಾವ ಎಲ್ಲಿಂದಲೋ ತರಿಸಿದ ಸಾದಾ ಗಿಟಾರ್ ಹಿಡಿದು, ಮೈಕಿಲ್ಲದೆಯೇ ಮೆತ್ತಗಿನ ಒಂದು ಭಾವಗೀತೆ ಹಾಡಿದ. ಚಪ್ಪಾಳೆಯೋ ಚಪ್ಪಾಳೆ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಅಮರೇಶ ಅವನ ಎದುರಿಗೇ ಹೇಳಿದ. ಗಾದೆ ಸರಿ, ಆದರೆ ಪೂರ್ತಿ ಸರಿಯಲ್ಲ. ಅವನಿಗೆ ಕುಣಿಯಲು ಬರುತ್ತಿತ್ತು. ಮಾನ್ವಿಯಲ್ಲಿ ನಮ್ಮ ಜೊತೆ ಕುಣಿದಿದ್ದ. ಅದಕ್ಕೇ ನನಗೆ ಈ ಪರಿ ಉರಿಯುವುದು.

ಮಾರನೆಯ ದಿನ ನಾನು ಶಕ್ತಿನಗರಕ್ಕೆ ಹೋಗಿ ಅವನನ್ನು ಹಿಡಿದೆ. "ಏನಾತು ಬಿಡು ಶಮೀಮ್, ಒಂದು ಮಾತು" ಅಂದ. "ಮಂದಿ ಕಲ್ಲು ಒಗೀತಿದ್ರು. ಮಾವನ ಮರ್ಯಾದಿ ಹೋಗ್ತಿತ್ತು."

"ನಮ್ಮ ಅಬ್ಬಾನ ಮರ್ಯಾದಿ?"

"ಚಾಚಾಗ ನಾನು ಬಂದು ಹೇಳ್ತೀನಿ. ಆಣಿ ಮಾಡ್ತೀನಿ, ಬಂದು ಹೇಳ್ತೀನಿ."

ಬರಲಿಲ್ಲ. ಸ್ವಲ್ಪ ದಿನಕ್ಕೆ ಹೈದರಾಬಾದಿಗೆ ಹೋದ, ಅಲ್ಲಿಂದ ಬೆಂಗಳೂರಿಗೆ, ಜಾಹೀರಾತುಗಳಿಗೆ ಸಂಗೀತ ಮಾಡಲು.

ಇತ್ತ ಅಬ್ಬಾ ಅಂಗಡಿಯ ನೆಲಕ್ಕೆ ಪೇಪರು ಹಾಸಿ ಆಂಪ್ಲಿಫೈಯರನ್ನು ಬಿಚ್ಚಿದರು. ಇಲ್ಲದ ರೋಗವನ್ನು ಹುಡುಕುತ್ತ ಕೂತರು. ಚೆನ್ನಾಗಿರುವ ಬಿಡಿಭಾಗ ತೆಗೆದು ಹೊಸದು ಹಾಕುವುದು, ಮತ್ತೆ ಮುಚ್ಚಿ ಪರೀಕ್ಷೆ ಮಾಡುವುದು, ಮತ್ತೆ ಬಿಚ್ಚುವುದು. ನಾನು ಹೇಳಿದೆ, ಬೇಡಿಕೊಂಡೆ, ಅತ್ತೆ: "ಅಬ್ಬಾ, ಸೆಟ್‌ಗೆ ಏನೂ ಆಗಿಲ್ಲ, ಸೀಟಿ ನಾನೇ ತರಿಸಿದ್ದು." ನನ್ನ ತಲೆ ಸವರಿ, "ನನ್ನ ಮನಸಿಗೆ ನೋವಾಗಬಾರದಂತ ಹೇಳ್ತಿ, ಗೊತ್ತದ" ಎನ್ನುತ್ತಿದ್ದರು. ಅಮರೇಶ ಮಾನ್ವಿಯಿಂದ ಬಂದು ಹೇಳಿದ. ಅವನಿಗೆ ಚಹಾ ಕುಡಿಸಿ, "ನೀನೂ ಛಲೋ ಹುಡುಗ" ಎಂದು ಕಳಿಸಿದರು. ವಿನೋದ ಯಾಕೆ ಸುಳ್ಳು ಹೇಳುತ್ತಾನೆ ಎಂದು ಕೇಳಿದರೆ ಅಬ್ಬಾನ ಹತ್ತಿರ ಒಂದೇ ಉತ್ತರ: "ಕೈಕು ಹೇಳ್ತಾನ? ಕಲಿತ ಮನಿ ಹುಡುಗ. ಅದೂ ಮೈಕ್ ಹಿಡಿದು, ಅಷ್ಟು ಮಂದಿ ಮುಂದ!" ಸಾವಿನ ಸುದ್ದಿ, ಕಳೆದ ಮಕ್ಕಳ ಸುದ್ದಿ ಹೇಳಿದ ಮನುಷ್ಯ ಅವರು. ಮೈಕಿನಲ್ಲಿ ಹೇಳಿದ್ದು ನಿಜವೇ ಇರಬೇಕು ಎಂದು ನಂಬಿದ್ದರು.

ದೇವದುರ್ಗದ ಶಾಮಿಯಾನದವರು ಬೇರೆಯವರನ್ನು ಕರೆಯತೊಡಗಿದರು. ಮಾತು ಮಾನ್ವಿಗೂ ಹೋಯಿತು. "ಸೆಟ್ ಹಳೇದಾಗ್ಯದಂತ್ರಿ" ಎಂದು ಮುಖದ ಮೇಲೇ ಹೇಳಿದವರುಂಟು. ಕೊನೆಗೆ ಒಂದು ಸಂಜೆ ಅಬ್ಬಾ ಸ್ಕ್ರೂಡ್ರೈವರ್ ಕೆಳಗಿಟ್ಟು, "ಸೆಟ್‌ನಾಗ ತಪ್ಪು ಸಿಗವಲ್ದು ಬೇಟಿ. ಹಂಗಾರ ತಪ್ಪು ನನ್ನ ಕೈಯಾಗೇ ಬಂದದ" ಅಂದರು. ಅಂಗಡಿ ಮುಚ್ಚಿದರು. ಸಾಮಾನೆಲ್ಲ ಗುಜರಿಯವನ ಗಾಡಿಗೆ ಹೋಯಿತು. ಆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಅಬ್ಬಾ ಇನ್ನೂ ಅಲ್ಲೇ ಕೂತಿದ್ದಾರೆ.

ವರ್ಷಗಳಾದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಓಡಿ ಬಂದಳು. "ಟೀಚರ್, 'ನೀರ್ ಬಂತು ಬರ್ರೆವ್ವಾ' ಅಂತ ಒದರಿದ್ದು ನಿಮ್ಮ ದನಿ ಏನ್ರಿ? ನಮ್ಮಣ್ಣ ದಿನಾ ಕೇಳ್ತಾನ್ರಿ!" ನೋಡಿದರೆ ವಿನೋದ ಅದನ್ನು ಇಂಟರ್ನೆಟ್ಟಿಗೆ ಹಾಕಿದ್ದ, 'ತೌಡು' ಎಲ್ಲರ ಬಾಯಲ್ಲಿ. ಬಿಸಿಲಿಗೆ ಬಾಯಿ ಬಂದರೆ ಹೀಗೇ ಹಾಡುತ್ತದೆ ಎಂದು ಯಾರೋ ಬರೆದಿದ್ದರು. ಓದಿ ನನ್ನ ಕಣ್ಣು ತುಂಬಿತು. ಗಂಡುಮಕ್ಕಳ ಹಾಗೆ ಸಿಳ್ಳೆ ಹಾಕಬೇಕೆನಿಸಿತು. ಕೆಳಗೆ ಹೆಸರು ಮಾತ್ರ 'ವಿನೋದ್ ಮತ್ತು ಗೆಳೆಯರು' ಎಂದಿತ್ತು. ಹಾಳಾಗಿ ಹೋಗಲಿ, ಹೆಸರಿನ ಆಸೆ ನನಗಿರಲಿಲ್ಲ. ಆದರೆ ಅವನ ಸಂದರ್ಶನ ಒಂದಿತ್ತು. ಅದರಲ್ಲಿ ಗಡ್ಡ ಸವರುತ್ತ ಹೇಳುತ್ತಿದ್ದ: "ದೇವದುರ್ಗದ ಒಂದು ಸಭೆಯಲ್ಲಿ ಚಾಚಾ ಒಬ್ಬರ ಮೈಕ್ ಸೆಟ್ ಕೆಟ್ಟು ಸೀಟಿ ಹೊಡೆಯಿತು. ಜನ ಬೈದರು. ನನಗೆ ಮಾತ್ರ ಅದು ಸಂಗೀತವಾಗಿ ಕೇಳಿಸಿತು. ಅಲ್ಲಿಂದ ಹೋಗಿ ಈ ಆಲ್ಬಮ್ ಮಾಡಿದೆವು."

ಥೂ ನಿನ್ನ! ಆಲ್ಬಮ್ ಮಾಡಿದ್ದು ಬೇಸಿಗೆಯಲ್ಲಿ, ಸಭೆ ಆದದ್ದು ಮಳೆ ಬಂದ ಮೇಲೆ. ಹಿಂದಿನದನ್ನು ಮುಂದೆ ಮಾಡಿ, ಮುಂದಿನದನ್ನು ಹಿಂದೆ ಮಾಡಿ, ಅಂದು ಬಾಯಿಂದ ಜಾರಿದ ಸುಳ್ಳಿಗೆ ಈಗ ಗುಡಿ ಕಟ್ಟಿಸಿದ್ದ. ಅಬ್ಬಾನ ಸೆಟ್ ಈಗ ದೇವದುರ್ಗದಲ್ಲಷ್ಟೇ ಅಲ್ಲ, ಊರೂರಲ್ಲೂ ಕೆಟ್ಟ ಸೆಟ್ ಆಗಿತ್ತು.

ಫೋನ್ ಮಾಡಿದೆ. ಬೈಯಬೇಕೆಂದೇ ಮಾಡಿದ್ದು. ಅವನು, "ಶಮೀಮ್! ಎಷ್ಟ್ ದಿನಾತಲೇ!" ಎಂದು ಅದೇ ಹಳೆಯ ದನಿಯಲ್ಲಿ ಕೂಗಿದಾಗ ಬೈಯುವುದನ್ನು ಬಿಟ್ಟೆ. ಇಷ್ಟೇ ಕೇಳಿದೆ: "ಹೆಸರು ಬ್ಯಾಡ, ಏನೂ ಬ್ಯಾಡ. ಮನಿಗೆ ಬಂದು ಅಬ್ಬಾನ ಮುಂದ ಒಂದು ಮಾತು ಹೇಳು. ಸೆಟ್ ಕೆಟ್ಟಿರಲಿಲ್ಲ ಅಂತ. ನಾನು ಹೇಳಿದ್ರ ನಂಬಂಗಿಲ್ಲ, ನೀನು ಹೇಳಿದ್ರ ನಂಬ್ತಾರ."

"ಬರ್ತೀನಿ" ಅಂದ. ಈ ಸಲ ನಿಜವಾಗಿ ಬಂದ. ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬ ಹುಡುಗಿ, ಮೈಕ್ ಹಿಡಿದ ಒಬ್ಬ ಹುಡುಗ. ಆಲ್ಬಮ್ ಬಗ್ಗೆ ಏನೋ ಸಣ್ಣ ಚಿತ್ರ ಮಾಡುತ್ತಿದ್ದಾರಂತೆ. ನನಗೆ ಖುಷಿಯೇ ಆಯಿತು. ಒಳ್ಳೆಯದಾಯಿತು, ಮಂದಿಯ ಮುಂದೆ ಹೋದ ಮಾನ ಮಂದಿಯ ಮುಂದೆಯೇ ಬರಲಿ ಎಂದುಕೊಂಡೆ.

ಅಬ್ಬಾ ಬೆಳಿಗ್ಗೆಯಿಂದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಳಿ ಟೋಪಿ ಇಟ್ಟುಕೊಂಡು, ಬಾಗಿಲ ಕಡೆಯೇ ನೋಡುತ್ತಿದ್ದರು. ವಿನೋದ ಒಳಗೆ ಬಂದು ಕಾಲಿಗೆ ನಮಸ್ಕಾರ ಮಾಡಿದ. ನಾನು ಗೋಡೆಗೆ ಒರಗಿ ನಿಂತು, "ಹೇಳು ವಿನೋದ" ಅಂದೆ. ಅವನು ಬಾಯಿ ತೆರೆಯುವ ಮೊದಲೇ ಅಬ್ಬಾ ಅವನ ಎರಡೂ ಕೈ ಹಿಡಿದುಕೊಂಡರು. ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಗೆ ಬಂತು.

"ಬೇಟಾ, ಅವತ್ತು ಅಷ್ಟು ಮಂದಿ ಮುಂದ ನನ್ನ ಸೆಟ್ ನಿಮ್ಮ ಹಾಡು ಕೆಡಿಸ್ತು. ಆ ದಿನದಿಂದ ನನಗ ನಿದ್ದಿ ಇಲ್ರಿ. ಮಾಫ್ ಮಾಡ್ರಿ."

ವಿನೋದ ನನ್ನನ್ನು ನೋಡಿದ. ನಾನು ಅವನನ್ನೇ ನೋಡುತ್ತಿದ್ದೆ. ಹೇಳಬೇಕಾಗಿದ್ದು ಒಂದೇ ಒಂದು ವಾಕ್ಯ. ಕ್ಯಾಮೆರಾ ಹುಡುಗಿ ಇನ್ನೂ ಹತ್ತಿರ ಬಂದಳು. ವಿನೋದನ ಕಣ್ಣಲ್ಲಿ ನೀರು ಬಂತು, ನಾಟಕವಲ್ಲ, ನಿಜವಾದ ನೀರೇ. ಅಬ್ಬಾನ ಹೆಗಲ ಮೇಲೆ ಕೈ ಇಟ್ಟು ಹೇಳಿದ:

"ಹೋಗ್ಲಿ ಬಿಡ್ರಿ ಚಾಚಾ. ನಾನು ಅವತ್ತೇ ಮರ್ತೀನಿ."

"ಸೆಟ್ ಕೆಟ್ಟಿರಲಿಲ್ಲ!" ಅಂದೆ ನಾನು. ಜೋರಾಗಿಯೇ ಅಂದೆ. ಅಬ್ಬಾ ನನ್ನತ್ತ ನೋಡದೆ, "ನಕ್ಕೋ ಬೇಟಿ, ಸುಮ್ಮಕಿರು" ಎಂದು ಕೈ ಮಾಡಿದರು. ಕ್ಯಾಮೆರಾ ಹುಡುಗಿ, "ಮೇಡಂ, ಸ್ವಲ್ಪ ಆ ಕಡೆ ನಿಲ್ಲಿ, ಫ್ರೇಮಿಗೆ ಬರ್ತಿದೀರಿ" ಅಂದಳು. ಶರಬತ್ತು ಕುಡಿದು ಹೋದರು. ಹೋಗುವಾಗ ಅವನು ನನ್ನ ಹತ್ತಿರ ತಡೆದು, "ಚಾಚಾಗ ಎಷ್ಟು ಸಮಾಧಾನ ಆತು ನೋಡಿದಿ? ಈಗ ಅದನ್ನೆಲ್ಲ ಯಾಕ ಕೆದರೋದು" ಅಂದ. ನಾನು ಬಾಗಿಲು ಹಾಕಿಕೊಂಡೆ.

ಆ ತುಣುಕನ್ನು ಲಕ್ಷಾಂತರ ಜನ ನೋಡಿದರಂತೆ. ಎಂಥ ದೊಡ್ಡ ಮನಸ್ಸಿನ ಕಲಾವಿದ ಎಂದು ಕೆಳಗೆ ಬರೆದಿದ್ದಾರೆ. ಅಬ್ಬಾ ಈಗ ರಾತ್ರಿ ಕಣ್ತುಂಬ ನಿದ್ದೆ ಮಾಡುತ್ತಾರೆ. ಕಟ್ಟೆಯ ಮೇಲೆ ಕೂತು ಹೋಗುವವರನ್ನು ಬರುವವರನ್ನು ಕರೆದು, ನನ್ನ ಮೊಬೈಲಿನಲ್ಲಿ ಅದನ್ನು ತೋರಿಸುತ್ತಾರೆ. ಮೊನ್ನೆ ಮಾನ್ವಿಯಿಂದ ಬಂದ ಸಂಜೆಯೂ ಅದನ್ನೇ ಹಾಕಿಸಿಕೊಂಡು ನೋಡಿದರು. ನೋಡಿ ಮುಗಿದ ಮೇಲೆ ನನ್ನ ಮುಖ ನೋಡಿ, "ಅಷ್ಟು ಮಂದಿ ಮುಂದ ಮಾಫ್ ಮಾಡಿದ್ನಲ್ಲ ಬೇಟಿ. ನೀನೂ ಇನ್ನ ಆ ಹುಡುಗನ ಮ್ಯಾಲಿನ ಸಿಟ್ಟು ಬಿಡು" ಅಂದರು.

"ಹೌ ಅಬ್ಬಾ" ಅಂದೆ.